ಮೂರ್ನಾಡಿನ ಏರಿನಲ್ಲಿ ಕ್ಲಚ್ ಕಲಿತೆ, ಕೊನೆಗೆ ಗೇರಿನ ಕಾರೇ ತಗೊಂಡೆ

ಮೊನ್ನೆ ಗುರುವಾರ ಪೋಸ್ಟ್‌ಮ್ಯಾನ್ ಬಂದು ಆರ್‌ಸಿ (ಕಾರಿನ ನೋಂದಣಿ) ಕಾರ್ಡ್ ಕೊಟ್ಟು ಹೋದರು. ಅಲ್ಲಿಗೆ ನನ್ನ ಆರು ತಿಂಗಳ ಓಡಾಟ ಮುಗಿಯಿತು. ಲರ್ನರ್ ಲೈಸೆನ್ಸ್‌, ಡ್ರೈವಿಂಗ್ ಶಾಲೆ, ಒಂದು ಸಲ ಫೇಲ್ ಆದ ಟೆಸ್ಟ್, ಆಟೋಮ್ಯಾಟಿಕ್ಕಾ ಗೇರಾ ಎಂಬ ದೊಡ್ಡ ಗೊಂದಲ, ಕೊನೆಗೆ ಸೆಕೆಂಡ್‌ಹ್ಯಾಂಡ್ ಕಾರು. ನಮ್ಮ ಕಡೆ ಇದೇ ಯೋಚನೆಯಲ್ಲಿರುವವರು ಜಾಸ್ತಿ ಇದ್ದಾರೆ, ಅದರಲ್ಲೂ ಮೂವತ್ತೈದು ದಾಟಿದ ಹೆಂಗಸರು. ಮರೆಯುವ ಮೊದಲು ಬರೆದಿಡುತ್ತೇನೆ.

ನಮ್ಮ ಮನೆ ಕೊಡಗಿನ ಮೂರ್ನಾಡು–ನಾಪೋಕ್ಲು ರಸ್ತೆಯಿಂದ ಒಳಗೆ. ಡಾಂಬರು ಬಿಟ್ಟ ಮೇಲೆ ಮುನ್ನೂರು ಮೀಟರ್ ಏರು, ಅರ್ಧ ಕಾಂಕ್ರೀಟು, ಅರ್ಧ ಮಣ್ಣು, ನಡುವೆ ಒಂದು ಗಟ್ಟಿ ತಿರುವು. ಸಂಜೆ ಆರರ ಮೇಲೆ ನಮಗೆ ಬಸ್ಸಿಲ್ಲ. ಯಜಮಾನರಿಗೆ ಮೈಸೂರಿನಲ್ಲಿ ಕೆಲಸ, ಶನಿವಾರ ಬಂದರೆ ಬಂದರು. ಕಳೆದ ಆಟಿ ತಿಂಗಳಲ್ಲಿ, ಒಂದು ವಾರದಿಂದ ಬಿಡದೆ ಮಳೆ ಹೊಡೆಯುತ್ತಿದ್ದಾಗ, ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದರು. ಕೈಯ ಮಣಿಕಟ್ಟು ಊದಿಕೊಂಡಿತು. ಬಾಡಿಗೆ ಜೀಪಿನವರಿಗೆ ಫೋನ್ ಮಾಡಿದರೆ ಒಬ್ಬರು ವಿರಾಜಪೇಟೆಯಲ್ಲಿ, ಇನ್ನೊಬ್ಬರ ಫೋನ್ ಹತ್ತಲೇ ಇಲ್ಲ. ಪಕ್ಕದ ತೋಟದಿಂದ ಭಾವ ಜೀಪು ತರುವ ಹೊತ್ತಿಗೆ ಎರಡು ಗಂಟೆ ಆಗಿತ್ತು. ಆ ಎರಡು ಗಂಟೆ ಅತ್ತೆ ಜಗಲಿಯಲ್ಲಿ ಕೈ ಹಿಡಿದುಕೊಂಡು ಕೂತಿದ್ದರು, ಒಂದು ಮಾತೂ ಆಡಲಿಲ್ಲ. ನನಗೆ ಅದು ತಡೆದುಕೊಳ್ಳಲು ಆಗಲಿಲ್ಲ.

ಕಾರು ಕಲಿಯುತ್ತೇನೆ ಅಂದೆ. ಯಜಮಾನರು ಬೇಡ ಅನ್ನಲಿಲ್ಲ. "ಕಲಿ, ಆದ್ರೆ ಆಟೋಮ್ಯಾಟಿಕ್ ತಗೊಳ್ಳೋಣ, ನಮ್ಮ ಏರಲ್ಲಿ ಕ್ಲಚ್ ನಿಂಗೆ ಕಷ್ಟ" ಅಂದರು. ಓರಗಿತ್ತಿಯೂ ಅದನ್ನೇ ಹೇಳಿದಳು, ಅವಳು ಮೈಸೂರಿನಲ್ಲಿ ಆಟೋಮ್ಯಾಟಿಕ್ ಓಡಿಸುತ್ತಾಳೆ. ಭಾವ ಮಾತ್ರ ಬೇರೆ ಹೇಳಿದರು. "ಯಾವ ಕಾರು ಬೇಕಾದ್ರೂ ತಗೊ. ಕಲಿಯೋದು ಮಾತ್ರ ಕ್ಲಚ್ಚಲ್ಲೇ ಕಲಿ. ರಾತ್ರಿ ಹೊತ್ತು ಯಾರ ಗಾಡಿ ಸಿಗುತ್ತೋ ಯಾರಿಗೆ ಗೊತ್ತು?" ಆ ಮಾತು ನನಗೆ ಸರಿ ಅನ್ನಿಸಿತು. ನಮ್ಮ ಕೇರಿಯಲ್ಲಿ ಇರುವ ಜೀಪು, ಪಿಕಪ್, ಹಳೇ ಕಾರು ಎಲ್ಲವೂ ಗೇರಿನವೇ.

ನಮ್ಮ ಸುಗ್ಗಿ ಹಬ್ಬ ಹುತ್ತರಿ ಮುಗಿದ ಮೇಲೆ ಲರ್ನರ್ ಲೈಸೆನ್ಸಿಗೆ (ಎಲ್‌ಎಲ್) ಅರ್ಜಿ ಹಾಕಿದೆ. ಸರ್ಕಾರದ ಪರಿವಾಹನ್ ಸಾರಥಿ ಪೋರ್ಟಲ್‌ನಲ್ಲಿ ಆಧಾರ್ ಮೂಲಕ ಹೋದರೆ ಮನೆಯಲ್ಲೇ ಕೂತು ಎಲ್‌ಎಲ್ ಪರೀಕ್ಷೆ ಬರೆಯಬಹುದು. ನಾನು ಅಲ್ಲೇ ಸಿಕ್ಕಿಬಿದ್ದೆ. ನನ್ನ ಆಧಾರ್‌ಗೆ ಇದ್ದದ್ದು ಎಂಟು ವರ್ಷದ ಹಿಂದಿನ ಮೊಬೈಲ್ ನಂಬರ್, ಒಟಿಪಿ ಬರುವುದೇ ಇಲ್ಲ. ಆಧಾರ್ ಕೇಂದ್ರಕ್ಕೆ ಹೋಗಿ ನಂಬರ್ ಬದಲಾಯಿಸಿ, ಅದು ಅಪ್‌ಡೇಟ್ ಆಗುವವರೆಗೆ ಕಾಯಬೇಕಾಯಿತು. ನೀವು ಅರ್ಜಿ ಹಾಕುವ ಮುಂಚೆ ಇದೊಂದನ್ನು ನೋಡಿಕೊಳ್ಳಿ. ಆಧಾರಿನಲ್ಲಿರುವ ಹೆಸರು, ಇನಿಷಿಯಲ್, ವಿಳಾಸವೇ ಲೈಸೆನ್ಸಿಗೂ ಬರುತ್ತದೆ, ಅದನ್ನೂ ಈಗಲೇ ಸರಿ ಮಾಡಿಸಿಕೊಳ್ಳುವುದು ಒಳ್ಳೆಯದು.

ಎರಡನೇ ತೊಂದರೆ ನೆಟ್‌ವರ್ಕ್. ಮನೆಯೊಳಗೆ ಸಿಗ್ನಲ್ ನಿಲ್ಲುವುದಿಲ್ಲ. ಪರೀಕ್ಷೆಗೆ ಮುಖ ಕ್ಯಾಮೆರಾಗೆ ಕಾಣುತ್ತಾ ಇರಬೇಕು, ನಡುವೆ ಕಟ್ ಆದರೆ ಏನು ಗತಿ ಅಂತ ಹೆದರಿಕೆ. ಹಾಗಾಗಿ ಮೂರ್ನಾಡಿನಲ್ಲಿ ಗೆಳತಿಯ ಮನೆಗೆ ಹೋಗಿ ಅವಳ ವೈಫೈನಲ್ಲಿ ಬರೆದೆ. ಪ್ರಶ್ನೆಗಳು ಚಿಹ್ನೆ, ದಾರಿ ಬಿಡುವ ನಿಯಮ, ಇಂಥವು. ಕಡಿದಾದ ಕಿರಿದಾದ ರಸ್ತೆಯಲ್ಲಿ ಎದುರುಬದುರಾದರೆ ಮೇಲೆ ಹತ್ತುವ ಗಾಡಿಗೆ ಮೊದಲು ದಾರಿ ಬಿಡಬೇಕು ಎಂಬುದನ್ನು ಓದಿಕೊಂಡಿದ್ದೆ. ಅದು ಯಾಕೆ ಅಂತ ನಿಜವಾಗಿ ಅರ್ಥ ಆಗಿದ್ದು ಏರಿನಲ್ಲಿ ನಿಂತು ಕಾರು ಎತ್ತಲು ಒದ್ದಾಡಿದ ಮೇಲೆ. ಖರ್ಚು ಹೇಳಬೇಕೆಂದರೆ ಒಂದು ವರ್ಗದ ಎಲ್‌ಎಲ್‌ಗೆ 150, ಪರೀಕ್ಷೆಗೆ 50, ಮೇಲೆ ಚಿಲ್ಲರೆ ಸೇವಾ ಶುಲ್ಕ. ಎಲ್‌ಎಲ್ 6 ತಿಂಗಳು ನಡೆಯುತ್ತದೆ, ಬಂದು 30 ದಿನ ಆದ ಮೇಲೆ ಪಕ್ಕಾ ಲೈಸೆನ್ಸಿನ ಟೆಸ್ಟ್ ಕೊಡಬಹುದು. 30 ದಿನ ಆಯಿತು ಅಂತ ಓಡಬೇಡಿ, ಕೈ ಕೂತ ಮೇಲೆ ಹೋಗಿ.

ಡ್ರೈವಿಂಗ್ ಶಾಲೆಗೆ 7,000 ಕಟ್ಟಿದೆ, 20 ದಿನ, ದಿನಕ್ಕೆ ಅರ್ಧ ಗಂಟೆ. ಮೊದಲ ವಾರ ಬಹಳ ಖುಷಿ. ಕಾರು ಹೋಗುತ್ತಿತ್ತು, ನಿಲ್ಲುತ್ತಿತ್ತು, ಒಂದು ಸಲವೂ ಆಫ್ ಆಗಲಿಲ್ಲ. ನನಗೆ ಬಂದೇಬಿಟ್ಟಿತು ಅಂದುಕೊಂಡೆ. ಎಂಟನೇ ದಿನ ಒಂದು ತಿರುವಿನಲ್ಲಿ ಕಣ್ಣು ಕೆಳಗೆ ಹೋಯಿತು. ನನ್ನ ಕ್ಲಚ್ ಪೆಡಲ್ ನಾನು ಒತ್ತದೇ ಕೆಳಗೆ ಹೋಗುತ್ತಿದೆ! ಶಾಲೆಯ ಕಾರಿನಲ್ಲಿ ಕಲಿಸುವವರ ಕಡೆಗೂ ಕ್ಲಚ್, ಬ್ರೇಕ್ ಇರುತ್ತವೆ. ಅಷ್ಟು ದಿನವೂ ಕ್ಲಚ್ ಮಾಡುತ್ತಿದ್ದದ್ದು ಅವರು, ನಾನು ಸ್ಟೇರಿಂಗ್ ಹಿಡಿದು ಕೂತಿದ್ದೆ ಅಷ್ಟೇ. ಸಿಟ್ಟು ಬರಲಿಲ್ಲ, ಆದರೆ ಎಂಟು ದಿನ ಹೋಯಿತಲ್ಲ ಅಂತ ಹೊಟ್ಟೆ ಉರಿಯಿತು. "ಅಣ್ಣ, ನಿಮ್ಮ ಕಾಲು ಹಿಂದೆ ತಗೊಳ್ಳಿ, ಆಫ್ ಆದ್ರೆ ಆಗ್ಲಿ" ಅಂದೆ. "ಹಿಂದೆ ಗಾಡಿ ಬರ್ತವಲ್ಲ ಅಕ್ಕ" ಅಂದರು. ಅವರದ್ದೂ ತಪ್ಪಲ್ಲ, ರಸ್ತೆಯಲ್ಲಿ ಅವರ ಜವಾಬ್ದಾರಿ. ಗಾಡಿ ಕಡಿಮೆ ಇರುವ ಒಳರಸ್ತೆಗೆ ಹೋಗೋಣ ಅಂತ ಕೇಳಿಕೊಂಡೆ, ಒಪ್ಪಿದರು. ಆ ದಿನ ಅರ್ಧ ಗಂಟೆಯಲ್ಲಿ ಹದಿನಾಲ್ಕು ಸಲ ಆಫ್ ಮಾಡಿದೆ. ಸೇರುವವರು ಮೊದಲ ದಿನವೇ ಇದನ್ನು ಕೇಳಿ. ನೀವು ಕೇಳದಿದ್ದರೆ ಯಾರೂ ತಾವಾಗಿ ಕಾಲು ತೆಗೆಯುವುದಿಲ್ಲ.

ಮನೆಗೆ ಬಂದು ಭಾವನ ಹತ್ತಿರ ಹೇಳಿದೆ. ಕ್ಲಚ್ ಅಂದರೆ ಏನು ಅಂತ ನನಗೆ ಸರಿಯಾಗಿ ಹೇಳಿಕೊಟ್ಟವರು ಅವರೇ. "ಇಂಜಿನ್ ಓಡ್ತಾ ಇರುವ ಬಸ್ಸು ಅಂದ್ಕೊ. ಚಕ್ರ ದಾರಿ ಬದೀಲಿ ನಿಂತಿರುವ ಮನುಷ್ಯ. ನಿಂತಲ್ಲಿಂದ ಹಾರಿ ಕಂಬಿ ಹಿಡಿದ್ರೆ ಏನಾಗುತ್ತೆ? ಬೀಳ್ತಾನೆ. ಎರಡು ಹೆಜ್ಜೆ ಬಸ್ಸಿನ ಜೊತೆ ಓಡಿ ಹತ್ತಬೇಕು. ಆ ಎರಡು ಹೆಜ್ಜೆಯೇ ಹಾಫ್ ಕ್ಲಚ್." ಒಳಗೆ ಆಗುವುದೂ ಹಾಗೇ. ಇಂಜಿನ್ ಕಡೆ ತಿರುಗುವ ಫ್ಲೈವೀಲ್, ಗೇರ್‌ಬಾಕ್ಸ್ ಕಡೆ ಕ್ಲಚ್ ಪ್ಲೇಟ್. ಪೆಡಲ್ ಒತ್ತಿದರೆ ಎರಡೂ ಬೇರೆ. ಬಿಡುತ್ತಾ ಬಂದರೆ ಪ್ಲೇಟ್ ಮೊದಲು ಉಜ್ಜಿಕೊಂಡು ತಿರುಗಲು ಶುರು ಮಾಡುತ್ತದೆ, ಆಮೇಲೆ ಪೂರ್ತಿ ಅಂಟಿಕೊಳ್ಳುತ್ತದೆ. ಒಮ್ಮೆಲೇ ಬಿಟ್ಟರೆ ನಿಂತಿರುವ ಚಕ್ರದ ಭಾರವೆಲ್ಲ ಇಂಜಿನ್ ಮೇಲೆ ಬಿದ್ದು ಆಫ್ ಆಗುತ್ತದೆ. ಉಜ್ಜುವ ಹಂತದಲ್ಲೇ ತುಂಬಾ ಹೊತ್ತು ಇಟ್ಟರೆ ಪ್ಲೇಟ್ ಸುಡುತ್ತದೆ.

ಭಾವನ ಮನೆಯಲ್ಲಿ ಒಂದು ಹಳೇ ಸಣ್ಣ ಕಾರಿದೆ, ಕಾಫಿ ಒಣಗಿಸುವ ದೊಡ್ಡ ಕಣವೂ ಇದೆ. ಸಮತಟ್ಟು ಸಿಮೆಂಟು. ದಿನಾ ಸಂಜೆ ಅಲ್ಲಿ ಅಭ್ಯಾಸ ಶುರು ಮಾಡಿದೆ, ಭಾವ ಪಕ್ಕದಲ್ಲಿ. ಆಕ್ಸಲರೇಟರ್ ಮುಟ್ಟಲೇಬಾರದು ಅಂದರು. ಒಂದನೇ ಗೇರ್ ಹಾಕಿ, ಬ್ರೇಕಿನಿಂದ ಕಾಲು ತೆಗೆದು, ಬರೀ ಕ್ಲಚ್ ಬಿಡುತ್ತಾ ಕಾರನ್ನು ಹೊರಡಿಸಬೇಕು. ಮೂರು ಮಾರು ಹೋಗಿ ನಿಲ್ಲಿಸು, ಮತ್ತೆ ಹೊರಡಿಸು. ಸಮನೆಲದಲ್ಲಿ ಇಂಜಿನ್‌ನ ಐಡಲ್ ಓಟಕ್ಕೇ ಕಾರು ಹೊರಡುತ್ತದೆ, ಕ್ಲಚ್ ನಿಧಾನವಾಗಿ ಬಿಟ್ಟರೆ ಸಾಕು. ದಿನಕ್ಕೆ ಐವತ್ತು ಸಲ. ಮೊದಲ ದಿನ ಎಡಗಾಲಿನ ಮೀನಖಂಡ ಹಿಡಿದುಕೊಂಡು ರಾತ್ರಿ ಎಣ್ಣೆ ತಿಕ್ಕಿಕೊಳ್ಳಬೇಕಾಯಿತು. ನಾಲ್ಕನೇ ದಿನ ಪಾದಕ್ಕೆ ಗೊತ್ತಾಗತೊಡಗಿತು. ಕ್ಲಚ್ ಹಿಡಿಯುವ ಜಾಗ ಬಂದಾಗ ಇಂಜಿನ್ ಸದ್ದು ತುಸು ಇಳಿಯುತ್ತದೆ, ಪೆಡಲಿನಲ್ಲಿ ಸಣ್ಣ ನಡುಕ ಬರುತ್ತದೆ, ಬಾನೆಟ್ ಒಂಚೂರು ಎದ್ದ ಹಾಗೆ ಕಾಣುತ್ತದೆ. ಅಲ್ಲಿ ಪಾದವನ್ನು ನಿಲ್ಲಿಸಬೇಕು. ಒಂದು ಉಸಿರು ಕಾಯಬೇಕು. ಕಾರು ಹೊರಟ ಮೇಲೆ ಉಳಿದದ್ದು ಬಿಡಬೇಕು. ನನ್ನ ತಪ್ಪೆಲ್ಲ ಆ ಒಂದು ಉಸಿರು ಕಾಯದೇ ಇದ್ದದ್ದರಲ್ಲಿ ಇತ್ತು.

ಸೀಟಿನ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ನಾನು ಕುಳ್ಳಿ, ಐದಡಿ ಇಲ್ಲ. ಸೀಟು ದೂರ ಇದ್ದರೆ ಕ್ಲಚ್ ಪೂರ್ತಿ ಒತ್ತಲು ಸೊಂಟ ಜಾರಿಸಬೇಕಾಗುತ್ತದೆ, ಆಗ ನಿಧಾನವಾಗಿ ಬಿಡುವುದು ಆಗದ ಮಾತು. ಕ್ಲಚ್ ಪೂರ್ತಿ ಒತ್ತಿದಾಗಲೂ ಮೊಣಕಾಲು ಸ್ವಲ್ಪ ಮಡಚಿರಬೇಕು, ಅಷ್ಟು ಹತ್ತಿರ ಎಳೆದುಕೊಳ್ಳಿ. ಹಿಡಿಯುವ ಜಾಗದಲ್ಲಿ ಹಿಮ್ಮಡಿ ನೆಲಕ್ಕೆ ಊರಿದರೆ ಕಾಲು ನಡುಗುವುದಿಲ್ಲ. ಹವಾಯಿ ಚಪ್ಪಲಿ ಬೇಡವೇ ಬೇಡ. ತೆಳು ಅಡಿಯ ಬೆಲ್ಟ್ ಚಪ್ಪಲಿ ಅಥವಾ ಶೂ ಸಾಕು. ಮಳೆಗಾಲಕ್ಕೆ ಕಾಲಿನ ಅಡಿ ಒರೆಸಲು ಒಂದು ಹಳೇ ಬಟ್ಟೆ ಕಾರಿನಲ್ಲಿರಲಿ, ಒದ್ದೆ ಪಾದ ಪೆಡಲ್ ಮೇಲೆ ಜಾರುತ್ತದೆ.

ಕಣದ ಅಭ್ಯಾಸ ಹತ್ತೇ ದಿನ. ಜನವರಿ ಬಂತು, ಕಾಫಿ ಕೊಯ್ಲು ಶುರು, ಕಣದ ತುಂಬ ಹಣ್ಣು ಹರಡಿದರು. ಇನ್ನು ಮಾರ್ಚ್ ತನಕ ಅಲ್ಲಿ ಕಾರು ಇಳಿಸುವ ಹಾಗಿಲ್ಲ. ನನಗೂ ಕೊಯ್ಲಿನ ಕೆಲಸ. ನೀವು ತೋಟದವರಾದರೆ ಕಲಿಯುವುದನ್ನು ಕೊಯ್ಲಿಗೆ ಮುಂಚೆ ಇಟ್ಟುಕೊಳ್ಳಿ, ನಾನು ಲೆಕ್ಕ ತಪ್ಪಿದೆ.

ಆಮೇಲೆ ಉಳಿದದ್ದು ನಮ್ಮ ಏರು. ಕಾರು ನಿಂತಲ್ಲಿಂದ ಮೇಲಕ್ಕೆ ಎತ್ತುವುದು. ಮೊದಲ ದಿನ ತಿರುವಿನಲ್ಲಿ ನಿಲ್ಲಿಸಿ ಹೊರಡಿಸಲು ಹೋದೆ, ಕಾರು ಹಿಂದೆ ಹೋಯಿತು, ಗಾಬರಿಯಲ್ಲಿ ಆಕ್ಸಲರೇಟರ್ ಒತ್ತಿದೆ, ಕ್ಲಚ್ ಅರ್ಧದಲ್ಲೇ ಹಿಡಿದಿದ್ದೆ, ಇಂಜಿನ್ ಕಿರುಚಿತು, ಕಾರು ಕದಲಲಿಲ್ಲ. ಒಂದು ನಿಮಿಷದಲ್ಲಿ ಸುಟ್ಟ ವಾಸನೆ. ಒಮ್ಮೆ ಮೂಗಿಗೆ ಬಡಿದರೆ ಆ ವಾಸನೆ ಮರೆಯುವುದಿಲ್ಲ. ಭಾವ ಇಂಜಿನ್ ಆಫ್ ಮಾಡಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಇಪ್ಪತ್ತು ನಿಮಿಷ ತಣಿಯಲು ಬಿಟ್ಟರು. ಬೈಯಲಿಲ್ಲ. ನನಗೇ ಅಳು ಬಂತು.

ಹ್ಯಾಂಡ್‌ಬ್ರೇಕ್ ಇಟ್ಟುಕೊಂಡು ಕಲಿತ ಮೇಲೆ ಆ ಭಯ ಹೋಯಿತು. ಏರಿನಲ್ಲಿ ನಿಂತಾಗ ಹ್ಯಾಂಡ್‌ಬ್ರೇಕ್ ಎಳೆಯಿರಿ, ಪೂರ್ತಿ. ಕ್ಲಚ್ ಒತ್ತಿ ಒಂದನೇ ಗೇರ್. ಆಕ್ಸಲರೇಟರ್ ಸ್ವಲ್ಪ ಕೊಟ್ಟು ಸದ್ದು ಒಂದೇ ಸಮ ಇರುವ ಹಾಗೆ ಹಿಡಿದುಕೊಳ್ಳಿ. ಈಗ ಕ್ಲಚ್ ಬಿಡುತ್ತಾ ಬನ್ನಿ. ಸದ್ದು ಇಳಿದು ಬಾನೆಟ್ ಎದ್ದು, ಕಟ್ಟಿ ಹಾಕಿದ ಹಸು ಹಗ್ಗ ಜಗ್ಗಿದ ಹಾಗೆ ಕಾರು ಜಗ್ಗುತ್ತದೆ. ಅಲ್ಲಿ ಪಾದ ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಇಳಿಸಿ. ಕಾರು ಒಂದಿಂಚೂ ಹಿಂದೆ ಬರುವುದಿಲ್ಲ. ಹ್ಯಾಂಡ್‌ಬ್ರೇಕ್ ಹಿಡಿದುಕೊಂಡಿರುವಾಗ ಎರಡು ಕಾಲೂ ಅವಸರವಿಲ್ಲದೆ ತಮ್ಮ ಕೆಲಸ ಮಾಡುತ್ತವೆ. ಇಳಿತಕ್ಕೆ ಭಾವನ ಮಾತು ಒಂದೇ, ಯಾವ ಗೇರಿನಲ್ಲಿ ಹತ್ತಿದೆಯೋ ಅದೇ ಗೇರಿನಲ್ಲಿ ಇಳಿ. ನ್ಯೂಟ್ರಲ್ ಹಾಕಿದರೆ ಇಡೀ ಭಾರ ಬ್ರೇಕಿನ ಮೇಲೆ, ಸಂಪಾಜೆ ಘಾಟಿಯಂಥ ಉದ್ದ ಇಳಿತದಲ್ಲಿ ಬ್ರೇಕ್ ಬಿಸಿಯಾಗಿ ಹಿಡಿತ ಹೋಗುತ್ತದೆ. ಕ್ಲಚ್ ಒತ್ತಿಕೊಂಡು ಇಳಿಯುವುದೂ ನ್ಯೂಟ್ರಲ್ ಇದ್ದ ಹಾಗೇ, ಇದು ಎಷ್ಟೋ ಜನರಿಗೆ ಗೊತ್ತಿಲ್ಲ.

ಟೆಸ್ಟಿಗೆ ಮಾರ್ಚ್‌ನಲ್ಲಿ ಹೋದೆ. ಟೆಸ್ಟಿಗೆ 300, ಲೈಸೆನ್ಸಿಗೆ 200, ಸೇವಾ ಶುಲ್ಕ ಬೇರೆ. ಬೆಳಿಗ್ಗೆಯೇ ಹೋಗಿ ಸಾಲಿನಲ್ಲಿ ನಿಂತೆ, ನನ್ನ ಸರದಿ ಬರುವಾಗ ಹನ್ನೆರಡು ದಾಟಿತ್ತು. ಕಾದು ಕಾದು ಕೈ ತಣ್ಣಗಾಗಿತ್ತು. ಸಮರಸ್ತೆ ಚೆನ್ನಾಗಿ ಆಯಿತು, ರಿವರ್ಸ್ ಆಯಿತು. ಏರಿನಲ್ಲಿ ನಿಲ್ಲಿಸಿ ಹೊರಡಿ ಅಂದರು. ಹ್ಯಾಂಡ್‌ಬ್ರೇಕ್ ಎಳೆಯಲು ನಾಚಿಕೆಯಾಯಿತು, ಎಲ್ಲರೂ ಬ್ರೇಕಿನಿಂದ ನೇರ ಎತ್ತುತ್ತಿದ್ದರು. ಎಳೆಯಲಿಲ್ಲ. ಕಾರು ನಾಲ್ಕಡಿ ಹಿಂದೆ ಹೋಯಿತು. ಫೇಲ್. ಫೇಲ್ ಆದರೆ 7 ದಿನ ಬಿಟ್ಟು ಮತ್ತೆ ಟೆಸ್ಟ್ ಕೊಡಬಹುದು, ಶುಲ್ಕ ಮತ್ತೆ ಕಟ್ಟಬೇಕು. ಮೂರು ಸಲ ಫೇಲ್ ಆದರೆ 60 ದಿನ ಕಾಯಬೇಕು. ನಾನು ಹದಿನೈದು ದಿನ ಬಿಟ್ಟು ಹೋದೆ. ಆ ಸಲ ಹ್ಯಾಂಡ್‌ಬ್ರೇಕ್ ಎಳೆದೇ ಎತ್ತಿದೆ, ಯಾರೂ ಏನೂ ಅನ್ನಲಿಲ್ಲ, ಪಾಸ್. ನನಗೆ ಈಗ 36, ಹಾಗಾಗಿ ಲೈಸೆನ್ಸ್ 10 ವರ್ಷಕ್ಕೆ. ಮೂವತ್ತರ ಒಳಗೆ ಮಾಡಿಸಿದವರಿಗೆ ನಲವತ್ತು ತುಂಬುವವರೆಗೆ ಇರುತ್ತದೆ.

ಆಟೋಮ್ಯಾಟಿಕ್ ಕಾರಿಗೆ ಲೈಸೆನ್ಸ್ ಬೇರೆಯಾ ಅಂತ ತುಂಬಾ ಜನ ನನ್ನನ್ನು ಕೇಳಿದರು. ಕಾರಿನ ಲೈಸೆನ್ಸಿನಲ್ಲಿ ಗೇರು, ಆಟೋಮ್ಯಾಟಿಕ್ ಅಂತ ಬೇರೆ ಬೇರೆ ಇಲ್ಲ. ಬೈಕ್–ಸ್ಕೂಟರಿಗೆ ಇದೆ, ಕಾರಿಗೆ ಎಲ್ಲವೂ ಲಘು ವಾಹನ, ಅಂದರೆ ಎಲ್‌ಎಂವಿ. ಕಾನೂನಿಗೆ ಸಾಕು, ಆದರೆ ಆಟೋಮ್ಯಾಟಿಕ್‌ನಲ್ಲಿ ಮಾತ್ರ ಕಲಿತವರು ಲೈಸೆನ್ಸ್ ಇದೆ ಅಂತ ನೇರ ಗೇರಿನ ಜೀಪು ಹತ್ತಬೇಡಿ ದಯವಿಟ್ಟು, ಅದೂ ನಮ್ಮ ರಸ್ತೆಯಲ್ಲಿ.

ಇನ್ನು ಕಾರು. ಲೈಸೆನ್ಸ್ ಬಂದ ಖುಷಿಯಲ್ಲಿ ಯಜಮಾನರು ಶೋರೂಂಗೆ ಕರೆದುಕೊಂಡು ಹೋದರು. ಎಎಂಟಿ ಕಾರು (ಆಟೋಮ್ಯಾಟಿಕ್ಕಿನ ಒಂದು ಬಗೆ) ಓಡಿಸಿ ನೋಡಿದೆ, ಸಮತಟ್ಟಾದ ಹೈವೇ, ಎಡಗಾಲಿಗೆ ಕೆಲಸವೇ ಇಲ್ಲ. ಮೂರು ತಿಂಗಳು ಒದ್ದಾಡಿದವಳಿಗೆ ಕಣ್ಣಲ್ಲಿ ನೀರು ಬಂತು, ಅಷ್ಟು ಹಗುರ. ಅಲ್ಲೇ 5,000 ಕೊಟ್ಟು ಬುಕ್ ಮಾಡಿದೆವು. ಅದೇ ಮಾದರಿಯ ಗೇರಿನ ಕಾರಿಗಿಂತ ಐವತ್ತು ಸಾವಿರ ಚಿಲ್ಲರೆ ಜಾಸ್ತಿ.

ರಾತ್ರಿ ನಿದ್ದೆ ಬರಲಿಲ್ಲ. ನಮ್ಮ ಏರಿನಲ್ಲಿ ಅದು ಹೇಗೆ ಹತ್ತುತ್ತದೆ ಅಂತ ನೋಡಲೇ ಇಲ್ಲ ಅಲ್ವಾ ಅನ್ನಿಸಿತು. ಮರುದಿನ ಫೋನ್ ಮಾಡಿ, ಟೆಸ್ಟ್ ಡ್ರೈವ್ ಕಾರನ್ನು ನಮ್ಮ ಮನೆಗೆ ತನ್ನಿ ಅಂದೆ. ಮೊದಲು ಆಗಲ್ಲ ಅಂದರು, ಎರಡು ದಿನ ಬಿಡದೆ ಕೇಳಿದ ಮೇಲೆ ತಂದರು. ನಾಲ್ಕು ಜನ ಕೂತು ಹತ್ತಿದೆವು. ತಿರುವಿನಲ್ಲಿ ವೇಗ ಇಳಿಯಿತು, ಕಾರು ಎರಡನೇ ಗೇರಿನಲ್ಲಿ ಒಂದು ಕ್ಷಣ ಸುಮ್ನೆ ನಿಂತ ಹಾಗಾಗಿ, ಆಮೇಲೆ ಒಂದಕ್ಕೆ ಬಿದ್ದು ಎಳೆಯಿತು. ಆ ಒಂದು ಕ್ಷಣ ನನ್ನ ಎದೆ ಹೊಡೆದುಕೊಂಡಿತು, ಎಡಕ್ಕೆ ಹದಿನೈದು ಅಡಿ ಆಳ. ಮ್ಯಾನುವಲ್ ಮೋಡ್‌ಗೆ ಹಾಕಿ ಒಂದನೇ ಗೇರಿನಲ್ಲೇ ಇಟ್ಟುಕೊಂಡು ಹತ್ತಿದಾಗ ಸರಿ ಹೋಯಿತು. ಬ್ರೇಕ್ ಬಿಟ್ಟ ಮೇಲೆ ಹಿಲ್ ಹೋಲ್ಡ್ ಕಾರು ಹಿಂದೆ ಜಾರದ ಹಾಗೆ ಎರಡು ಸೆಕೆಂಡು ಹಿಡಿಯುತ್ತದೆ, ಅದೂ ಒಳ್ಳೆಯದು. ಕಾರು ಕೆಟ್ಟದ್ದಲ್ಲ. ನನ್ನ ತಿರುವಿಗೆ ನನಗೆ ಧೈರ್ಯ ಬರಲಿಲ್ಲ.

ಆಮೇಲೆ ಓದಿ, ಮೆಕ್ಯಾನಿಕ್ ಹತ್ತಿರ ಕೇಳಿ ತಿಳಿದುಕೊಂಡದ್ದು ಇಷ್ಟು. ಆಟೋಮ್ಯಾಟಿಕ್ ಅಂದರೆ ಒಂದೇ ಅಲ್ಲ. ಎಎಂಟಿ ಒಳಗೆ ಇರುವುದು ಅದೇ ಗೇರ್‌ಬಾಕ್ಸ್, ಅದೇ ಕ್ಲಚ್ ಪ್ಲೇಟ್, ಒತ್ತುವ ಕೆಲಸ ಮಾತ್ರ ಯಂತ್ರ ಮಾಡುತ್ತದೆ. ನಮ್ಮಲ್ಲಿ 2014ರಲ್ಲಿ ಮಾರುತಿ ಸೆಲೆರಿಯೊ ಜೊತೆ ಸಣ್ಣ ಕಾರುಗಳಿಗೆ ಬಂದದ್ದು ಇದೇ. ಏರಿನಲ್ಲಿ ಬ್ರೇಕ್ ಹಾಕದೆ ಬರೀ ಆಕ್ಸಲರೇಟರ್ ಕೊಟ್ಟು ಕಾರನ್ನು ನಿಲ್ಲಿಸಿಕೊಂಡರೆ ಇದರಲ್ಲೂ ಪ್ಲೇಟ್ ಸುಡುತ್ತದೆ, ಕ್ಲಚ್ ಪೆಡಲ್ ಇಲ್ಲ ಅಂತ ಕ್ಲಚ್ಚೇ ಇಲ್ಲ ಅಂದುಕೊಳ್ಳಬೇಡಿ. ಟಾರ್ಕ್ ಕನ್ವರ್ಟರ್ ಇರುವುದರಲ್ಲಿ ಇಂಜಿನ್ ಶಕ್ತಿ ಎಣ್ಣೆಯ ಮೂಲಕ ದಾಟುತ್ತದೆ, ಏರಿಗೆ ಬಹಳ ನಯ, ಆದರೆ ನಮ್ಮ ಬಜೆಟ್ಟಿಗೆ ಎಟುಕಲಿಲ್ಲ. ಎರಡು ಕ್ಲಚ್ಚಿನ ಡಿಸಿಟಿ ಬೇಗ ಗೇರ್ ಬದಲಿಸುತ್ತದೆ, ಅದೂ ದುಬಾರಿ.

ಇನ್ನೊಂದು ವಿಷಯ ನನ್ನ ಮನಸ್ಸು ಗೇರಿನ ಕಡೆ ವಾಲಿಸಿತು. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟ್ ವಾರಗಟ್ಟಲೆ ಇರುವುದಿಲ್ಲ, ಕಾರೂ ಎಷ್ಟೋ ದಿನ ಶೆಡ್ಡಿನಲ್ಲೇ ಇರುತ್ತದೆ. ಬ್ಯಾಟರಿ ಇಳಿದರೆ ಗೇರಿನ ಕಾರನ್ನು ಇಳಿತದಲ್ಲಿ ತಳ್ಳಿ ಎರಡನೇ ಗೇರಿನಲ್ಲಿ ಕ್ಲಚ್ ಬಿಟ್ಟು ಸ್ಟಾರ್ಟ್ ಮಾಡಬಹುದು. ಆಟೋಮ್ಯಾಟಿಕ್ ಅನ್ನು ಹಾಗೆ ಮಾಡಲು ಆಗುವುದಿಲ್ಲ.

ಬುಕಿಂಗ್ ರದ್ದು ಮಾಡಿದೆವು. ಹಣ ವಾಪಸ್ ಬರಲು ಒಂದು ತಿಂಗಳು, ಆರು ಫೋನು. ಬುಕ್ ಮಾಡುವಾಗ ರದ್ದತಿಯ ಷರತ್ತನ್ನು ರಶೀದಿಯಲ್ಲೇ ಬರೆಸಿಕೊಳ್ಳಿ. ಓರಗಿತ್ತಿಗೆ ಈ ಮಾತು ಹೇಳಿದಾಗ ಅವಳಿಗೆ ಬೇಜಾರಾಯಿತು. ಅವಳಿಗೆ ಆಟೋಮ್ಯಾಟಿಕ್ಕೇ ಸರಿ, ನಾನೂ ಹಾಗೇ ಹೇಳುತ್ತೇನೆ. ಮೈಸೂರಿನ ಸಿಗ್ನಲ್, ಮೊಣಕಾಲು ನೋವು, ದಿನಕ್ಕೆ ಎರಡು ಸಲ ಶಾಲೆಯ ಗೇಟು. ಪ್ರವಾಸಿಗರು ತುಂಬಿದ ಭಾನುವಾರ ಮಡಿಕೇರಿಯ ರಾಜಾಸೀಟ್ ಕಡೆ ಸಿಕ್ಕಿಹಾಕಿಕೊಂಡು ಒಂದು ಗಂಟೆ ಕ್ಲಚ್ ತುಳಿದಾಗ ನನಗೂ ಅವಳ ನೆನಪಾಯಿತು. ಮಡಿಕೇರಿ ಪೇಟೆಯಲ್ಲೇ ದಿನಾ ಓಡಾಡುವವರಾದರೆ ಹಿಲ್ ಹೋಲ್ಡ್ ಇರುವ ಆಟೋಮ್ಯಾಟಿಕ್ ನೋಡಿ. ಯಾವುದೇ ತಗೊಳ್ಳಿ, ನಿಮ್ಮ ಮನೆಯ ಏರಿಗೆ ತರಿಸಿ, ಮನೆಯವರನ್ನೆಲ್ಲ ಕೂರಿಸಿ ಹತ್ತಿಸಿ ನೋಡಿ.

ಕೊನೆಗೆ ಸಿಕ್ಕಿದ್ದು ಆರು ವರ್ಷ ಹಳೆಯ ಸಣ್ಣ ಕಾರು, ಗೋಣಿಕೊಪ್ಪದ ಒಬ್ಬರದ್ದು. ಕ್ಲಚ್ ಪರೀಕ್ಷೆ ಮಾಡುವುದನ್ನು ಮೆಕ್ಯಾನಿಕ್ ತೋರಿಸಿದರು. ಸಮನೆಲದಲ್ಲಿ, ಮುಂದೆ ಯಾರೂ ಇಲ್ಲದ ಕಡೆ, ಹ್ಯಾಂಡ್‌ಬ್ರೇಕ್ ಪೂರ್ತಿ ಎಳೆದು ಮೂರನೇ ಗೇರ್ ಹಾಕಿ ಕ್ಲಚ್ ಬಿಡಬೇಕು. ತಕ್ಷಣ ಆಫ್ ಆದರೆ ಪ್ಲೇಟ್ ಚೆನ್ನಾಗಿದೆ. ಇಂಜಿನ್ ಓಡುತ್ತಲೇ ಇದ್ದರೆ ಸವೆದಿದೆ. ಈ ಕಾರಿನಲ್ಲಿ ಸ್ವಲ್ಪ ತಡವಾಗಿ ಆಫ್ ಆಯಿತು, ಪೆಡಲೂ ತೀರಾ ಮೇಲೆ ಬಂದ ಮೇಲೆ ಹಿಡಿಯುತ್ತಿತ್ತು. ಅದನ್ನು ತೋರಿಸಿ ಎಂಟು ಸಾವಿರ ಕಡಿಮೆ ಮಾಡಿಸಿದೆವು, ಕೂಲಿ ಸೇರಿ ಏಳೂವರೆ ಸಾವಿರಕ್ಕೆ ಹೊಸ ಕ್ಲಚ್ ಸೆಟ್ ಹಾಕಿಸಿದೆ. ಹೊಸದು ಹಾಕಿದ ಮೇಲೆ ಹಿಡಿಯುವ ಜಾಗ ಕೆಳಗೆ ಬಂತು, ಮತ್ತೆ ಎರಡು ದಿನ ಕಾಲಿಗೆ ಅಭ್ಯಾಸ ಮಾಡಿಸಬೇಕಾಯಿತು. ಪ್ರತಿ ಕಾರಿಗೂ ಇದು ಬೇರೆ.

ಹೆಸರು ಬದಲಾವಣೆಗೆ ಫಾರಂ 29 ಮತ್ತು 30. ಹಿಂದಿನವರು ಸಾಲ ತೀರಿಸಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಹಾಗೇ ಇತ್ತು. ಅದನ್ನು ತೆಗೆಸಲು ಫಾರಂ 35 ಮತ್ತು ತಕರಾರಿಲ್ಲ ಎಂಬ ಬ್ಯಾಂಕಿನ ಎನ್‌ಒಸಿ ಬೇಕು, ಅದಕ್ಕೇ ಮೂರು ವಾರ ಹೋಯಿತು. ದುಡ್ಡು ಕೊಡುವ ಮುಂಚೆ ಆರ್‌ಸಿ ತಿರುಗಿಸಿ ಓದಿ. ಇನ್ಶೂರೆನ್ಸನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು, ಇದನ್ನು ಮರೆಯಬೇಡಿ.

ಕಳೆದ ಸೋಮವಾರ ಸಂಜೆ ಏಳಕ್ಕೆ ಅತ್ತೆಯನ್ನು ಮಡಿಕೇರಿಯಲ್ಲಿ ಡಾಕ್ಟರಿಗೆ ತೋರಿಸಿ ವಾಪಸ್ ಬರುತ್ತಿದ್ದೆ. ಮಳೆ ಇತ್ತು, ಮಂಜೂ ಇತ್ತು. ನಮ್ಮ ತಿರುವಿಗೆ ಬರುವ ಹೊತ್ತಿಗೆ ಮೇಲಿನಿಂದ ಪಿಕಪ್ ಒಂದು ಇಳಿಯುತ್ತಿತ್ತು. ಮೇಲೆ ಹತ್ತುವವಳು ನಾನೇ, ಆದರೂ ಅವರಿಗೆ ಹಿಂದೆ ಹೋಗಲು ಜಾಗ ಇರಲಿಲ್ಲ. ಬದಿಗೆ ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಎಳೆದೆ. ಪಿಕಪ್ ದಾಟಿತು. ಒಂದನೇ ಗೇರ್ ಹಾಕಿ ಕ್ಲಚ್ ಬಿಡುತ್ತಾ ಬಂದೆ, ಬಾನೆಟ್ ಎದ್ದಿತು, ಹ್ಯಾಂಡ್‌ಬ್ರೇಕ್ ಇಳಿಸಿದೆ. ಅತ್ತೆ ಮಾತ್ರೆಯ ಚೀಟಿ ಓದುತ್ತಾ ಕೂತಿದ್ದರು, ತಲೆ ಎತ್ತಲೂ ಇಲ್ಲ.